ರಕ್ತನಂಜು: ಬೆರಳ ತುದಿ ನೀಡುವ ಮುನ್ಸೂಚನೆ

ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆಯು ಹತೋಟಿ ಮೀರಿ ಅಂಗಾಂಗಗಳಿಗೇ ಹಾನಿಯುಂಟುಮಾಡುವ ಸ್ಥಿತಿಯನ್ನು ರಕ್ತನಂಜು ಅಥವಾ ಸೆಪ್ಸಿಸ್ ಎನ್ನುತ್ತಾರೆ. ಇದು ಉಲ್ಬಣಿಸಿದಾಗ ದೇಹವು ಹೃದಯ, ಮೆದುಳುಗಳಿಗೆ ರಕ್ತವನ್ನು ಕಾಯ್ದಿರಿಸಲು ಚರ್ಮದ ರಕ್ತಸಂಚಾರವನ್ನು ಮೊದಲು ಕುಗ್ಗಿಸುತ್ತದೆ. ಆದುದರಿಂದ ರಕ್ತದೊತ್ತಡವು ಸರಿಯಾಗಿದ್ದಾಗಲೂ ಚರ್ಮವು ಅಪಾಯವನ್ನು ಸೂಚಿಸಬಲ್ಲುದು.

ಇದನ್ನರಿಯಲು ಸೂಜಿ ಚುಚ್ಚಬೇಕಾಗಿಲ್ಲ. ವೈದ್ಯರು ರೋಗಿಯ ಬೆರಳ ತುದಿಯನ್ನು 10 ಸೆಕೆಂಡುಗಳ ಕಾಲ ಒತ್ತಿ ಬಿಡುತ್ತಾರೆ. ಬಿಳಿಚಿದ ಭಾಗಕ್ಕೆ ಸಹಜ ಬಣ್ಣ ಮರಳಲು 3 ಸೆಕೆಂಡುಗಳಿಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರವು ಕುಂದಿದೆಯೆಂದು ಶಂಕಿಸಬೇಕು. ಕೊಠಡಿಯ ಚಳಿಯಿಂದಲೂ ಈ ಅವಧಿ ಹೆಚ್ಚಬಹುದು. ಮೊಣಕಾಲಿನ ಸುತ್ತ ಮೂಡುವ ನೀಲಿ ಮಚ್ಚೆಗಳು ಇನ್ನೊಂದು ಲಕ್ಷಣ. ಕೆಲವು ಪಲ್ಸ್ ಆಕ್ಸಿಮೀಟರ್‌ಗಳು ಬೆರಳಿನಲ್ಲಿನ ನಾಡಿಮಿಡಿತದ ಬಲವನ್ನೂ ಅಂಕಿಯಾಗಿ ತೋರಿಸುತ್ತವೆ.

ದಕ್ಷಿಣ ಅಮೆರಿಕದ 28 ಆಸ್ಪತ್ರೆಗಳಲ್ಲಿ 424 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವು ಬೆರಳಿನ ಪರೀಕ್ಷೆಯನ್ನು ರಕ್ತದ ಲ್ಯಾಕ್ಟೇಟ್ ಪರೀಕ್ಷೆಯೊಡನೆ ಹೋಲಿಸಿತು. ಮರಣದ ಪ್ರಮಾಣದಲ್ಲಿ ನಿರ್ಣಾಯಕ ವ್ಯತ್ಯಾಸವು ಸಿದ್ಧವಾಗಲಿಲ್ಲ. ಆದರೂ, ಇತರ ಕ್ರಮಗಳೊಡನೆ ಇದನ್ನೂ ಬಳಸಬಹುದೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸಲಹೆ ಮಾಡಿತು.

ಪುಣೆ ನಗರದಲ್ಲಿ 1867ರಷ್ಟು ಹಳೆಯದಾದ ಸಸೂನ್ ಆಸ್ಪತ್ರೆಯಿದೆ; 1948ರಲ್ಲಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜೂ ಇದೆ. ಆದರೆ ಜುನ್ನರ್, ಭೋರ್ ಮುಂತಾದ ತಾಲ್ಲೂಕುಗಳ ಹಳ್ಳಿಗಳಿಂದ ನಗರ ತಲುಪಲು ಬಹಳ ಹೊತ್ತು ಹಿಡಿಯುತ್ತದೆ. ಪ್ರಯೋಗಾಲಯವಿಲ್ಲದ ಆರೋಗ್ಯ ಕೇಂದ್ರದಲ್ಲಿಯೂ ಈ ಪರೀಕ್ಷೆ ಸಾಧ್ಯ. ಜ್ವರದೊಡನೆ ಏದುಸಿರು, ಗೊಂದಲ, ತಣ್ಣಗಾದ ಕೈಕಾಲು ಕಂಡುಬಂದಲ್ಲಿ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.