ಅಂಗಡಿಯ ತಂಬಾಕು ಕಾನೂನು, ತೋಟದ ಅಡಿಕೆ ಲೆಕ್ಕ

ನಮ್ಮೂರ ಶಾಲೆಯ ಹತ್ತಿರ ಒಂದು ಗೂಡಂಗಡಿ ಇದೆ. ಬಾಳೆಹಣ್ಣು, ಸೋಡಾ, ಬೀಡಿ, ಸಿಗರೇಟು, ಹೊಗೆಸೊಪ್ಪು. 2025ರ ಮಳೆಗಾಲ ಮುಗಿಯುವ ಹೊತ್ತಿಗೆ ಅಂಗಡಿಯವರಿಗೆ ದಂಡ ಬಿತ್ತು. ಮರುದಿನ ಬೆಳಿಗ್ಗೆಯೇ ನಮ್ಮ ಅಂಗಳಕ್ಕೆ ಬಂದರು. "ಶಾಲೆಯಿಂದ ನೂರು ಮೀಟರ್ ಒಳಗೆ ಮಾರುವ ಹಾಗಿಲ್ಲವಂತೆ. ನನ್ನ ಅಂಗಡಿ ಗೇಟಿನಿಂದ ಎಷ್ಟೋ ದೂರ ಉಂಟು. ನೀವೊಮ್ಮೆ ಅಳೆದು ಹೇಳಿ ಅಣ್ಣ."

ಟೇಪು ಹುಡುಕಿದರೆ ಸಿಗಲಿಲ್ಲ. ತುಂತುರು ನೀರಾವರಿಗೆ ತಂದಿಟ್ಟ ಆರು ಮೀಟರಿನ ಪಿವಿಸಿ ಪೈಪು ಇತ್ತು. ಅದನ್ನೇ ರಸ್ತೆಯಲ್ಲಿ ಮಗುಚಿ ಮಗುಚಿ ಹಾಕಿದೆವು. ಗೇಟಿನಿಂದ ಅಂಗಡಿಗೆ ಇಪ್ಪತ್ತೈದು ಪೈಪು, ಅಂದರೆ 150 ಮೀಟರ್. ಅಂಗಡಿಯವರ ಮುಖ ಅರಳಿತು. ಆದರೆ ನಿಯಮ ಓದಿದರೆ ಬೇರೆಯೇ ಇದೆ. ಅಳೆಯಬೇಕಾದ್ದು ಗೇಟಿನಿಂದಲ್ಲ, ಶಾಲೆಯ ಆವರಣ ಗೋಡೆ ಅಥವಾ ಬೇಲಿಯ ಹೊರ ಅಂಚಿನಿಂದ. ಅದೂ ರಸ್ತೆಯ ತಿರುವು ಹಿಡಿದು ಅಲ್ಲ, ನೇರವಾಗಿ. ಹಾಗೆ ಗದ್ದೆಯ ಮೇಲಿಂದ ಹಾಕಿಕೊಂಡು ಬಂದಾಗ ಹದಿಮೂರು ಪೈಪಿಗೇ ಅಂಗಡಿ ಸಿಕ್ಕಿತು. 78 ಮೀಟರ್. ದಂಡ ಸರಿಯಾಗಿಯೇ ಇತ್ತು.

ಈ ನೆಪದಲ್ಲಿ ನಾನು ಕಾನೂನನ್ನು ಪೂರ್ತಿ ಓದಿದೆ. ಕೃಷಿಕರಾದ ನಮಗೆ ಬೇಕಾದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೂಲ ಕಾಯ್ದೆ ಕೇಂದ್ರದ್ದು, 2003ರದ್ದು. 2004ರ ಮೇ 1ರಿಂದ ಜಾರಿಗೆ ಬಂತು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ, ಜಾಹೀರಾತು, ಮಕ್ಕಳಿಗೆ ಮಾರಾಟ, ಇವಕ್ಕೆ ತಡೆ. ಪ್ಯಾಕೆಟಿನ ಮೇಲೆ ಎಚ್ಚರಿಕೆಯ ಚಿತ್ರ. ಆಗ ಮಾರಾಟದ ವಯಸ್ಸು 18, ಶಾಲೆಯಿಂದ ದೂರ ನೂರು ಗಜ, ದಂಡ ಹೆಚ್ಚೆಂದರೆ 200 ರೂಪಾಯಿ. ಕರ್ನಾಟಕ ಇದಕ್ಕೆ 2024ರಲ್ಲಿ ತಿದ್ದುಪಡಿ ಮಾಡಿತು, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಈಗ ನಮ್ಮ ರಾಜ್ಯದಲ್ಲಿ ವಯಸ್ಸು 21, ದೂರ 100 ಮೀಟರ್, ದಂಡ 1000 ರೂಪಾಯಿ ವರೆಗೆ. ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವುದಕ್ಕೂ ಇಲ್ಲ. ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಜಗಿದು ಉಗುಳಿದರೂ ತಪ್ಪು. ಹುಕ್ಕಾ ಬಾರಿಗೆ ಜೈಲು ಶಿಕ್ಷೆಯೇ ಇದೆ, ಅದು ನಮ್ಮೂರಿಗೆ ಬಂದಿಲ್ಲ, ಬಿಡಿ.

ನಾವು ಗಮನಿಸಬೇಕಾದ್ದು ಸೊಸೈಟಿ ಮತ್ತು ಹಾಲಿನ ಡೈರಿ. ಜನ ಬಂದುಹೋಗುವ ಕಟ್ಟಡವಾದ್ದರಿಂದ ಅವೂ ಸಾರ್ವಜನಿಕ ಸ್ಥಳಗಳೇ. 2008ರ ಅಕ್ಟೋಬರ್ 2ರಿಂದ ಬಂದ ನಿಯಮಗಳ ಪ್ರಕಾರ ಪ್ರವೇಶದಲ್ಲಿ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ 'ಧೂಮಪಾನ ನಿಷೇಧಿಸಲಾಗಿದೆ' ಫಲಕ ಬೇಕು. ಒಳಗೆ ಯಾರಾದರೂ ಬೀಡಿ ಹಚ್ಚಿದರೆ ಸೇದಿದವರು ಮಾತ್ರವಲ್ಲ, ನೋಡಿಕೊಳ್ಳುವ ಜವಾಬ್ದಾರಿ ಇದ್ದವರೂ ಉತ್ತರಿಸಬೇಕು. ನಮ್ಮ ಡೈರಿಯ ಕಾರ್ಯದರ್ಶಿಗೆ ಇದನ್ನು ಹೇಳಿದಾಗ ಅವರು ಮೊದಲು ಮಾಡಿದ ಕೆಲಸ ಜಗಲಿಯಲ್ಲಿದ್ದ ಬೂದಿಯ ಡಬ್ಬಿ ತೆಗೆಸಿದ್ದು!

ಇನ್ನು ಬೆಳೆಗಾರನ ವಿಷಯ. ತಂಬಾಕು ಬೆಳೆಯಬೇಡಿ ಎಂದು ಈ ಕಾಯ್ದೆ ಎಲ್ಲೂ ಹೇಳುವುದಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಸಿಗರೇಟಿನ ತಂಬಾಕು ಬೆಳೆಯುವವರಿಗೆ 1975ರ ತಂಬಾಕು ಮಂಡಳಿ ಕಾಯ್ದೆ ಬೇರೆ ಇದೆ. ನೋಂದಣಿ, ಬ್ಯಾರನ್‌ಗೆ ಲೈಸೆನ್ಸು, ವರ್ಷವರ್ಷ ಎಷ್ಟು ಬೆಳೆಯಬಹುದೆಂಬ ಮಿತಿ, ಹರಾಜು ಎಲ್ಲ ಅದರ ಕೆಳಗೆ. ಒಂದು ಕೈ ಬೆಳೆಸುತ್ತದೆ, ಇನ್ನೊಂದು ಕೈ ಸೇದಬೇಡಿ ಎನ್ನುತ್ತದೆ. ನಮ್ಮ ಕರಾವಳಿಯಲ್ಲಿ ಮನೆಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಗತಿಯೂ ಇದೇ.

ಹಾಗಾದರೆ ಅಡಿಕೆ? ಈ ಪ್ರಶ್ನೆಗೆ ನಾನು ಒಮ್ಮೆ ಸರಿಯಾಗಿಯೇ ಬೆಲೆ ತೆತ್ತಿದ್ದೇನೆ.

2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಮಂಡಿಗೆ ಹೋದರೆ ಅಲ್ಲಿ ಅದೇ ಮಾತು. "ಇನ್ನು ಅಡಿಕೆಯ ಕತೆ ಮುಗಿಯಿತು, ಇದ್ದದ್ದನ್ನು ಕೊಟ್ಟುಬಿಡಿ" ಎಂದರು ಒಬ್ಬ ವ್ಯಾಪಾರಿ. ನಾನು ಆದೇಶ ಓದಲಿಲ್ಲ. ಅಟ್ಟದಲ್ಲಿದ್ದ ಹಳೆ ಚಾಲಿಯನ್ನೆಲ್ಲ ಕೊಟ್ಟುಬಿಟ್ಟೆ. ಮರುವರ್ಷ, 2014ರಲ್ಲಿ, ಧಾರಣೆ ಎಲ್ಲಿಗೆ ಹೋಯಿತೆಂದು ಓದುಗರಿಗೆ ನೆನಪಿರಬಹುದು. ಆಮೇಲೆ ಇಳಿದದ್ದೂ ನೆನಪಿರಬಹುದು.

ನಾನು ಓದದೆ ಬಿಟ್ಟದ್ದು ಇಷ್ಟೆ. ಆ ನಿಷೇಧ ಬಂದದ್ದು ತಂಬಾಕು ಕಾಯ್ದೆಯಿಂದಲ್ಲ, ಆಹಾರ ಸುರಕ್ಷತೆಯ ಕಾನೂನಿನಿಂದ. ಆಹಾರ ಪದಾರ್ಥದಲ್ಲಿ ತಂಬಾಕಾಗಲಿ ನಿಕೋಟಿನ್ ಆಗಲಿ ಇರಬಾರದೆಂದು 2011ರ ನಿಯಮ. ಗುಟ್ಕಾದಲ್ಲಿ ಎರಡೂ ಕಲಸಿರುವುದರಿಂದ ಅದು ಸಿಕ್ಕಿಬಿತ್ತು. ತಯಾರಕರು ಏನು ಮಾಡಿದರು? ತಂಬಾಕಿಲ್ಲದ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ತಿನ್ನುವವನು ಅಂಗೈಯಲ್ಲಿ ಕಲಸಿಕೊಂಡ. ನಮ್ಮ ಅಡಿಕೆ ಮೊದಲ ಪೊಟ್ಟಣದಲ್ಲಿ ಹೋಯಿತು.

2003ರ ಕಾಯ್ದೆಯ ಕೊನೆಯಲ್ಲೊಂದು ಪಟ್ಟಿ ಇದೆ. ಸಿಗರೇಟು, ಬೀಡಿ, ನಶ್ಯ, ಜಗಿಯುವ ತಂಬಾಕು, ಗುಟ್ಕಾ, ತಂಬಾಕಿರುವ ಹಲ್ಲುಪುಡಿ ಹೀಗೆ. ಪಾನ್ ಮಸಾಲೆಯ ಹೆಸರೂ ಇದೆ, ಆದರೆ ತಂಬಾಕು ಸೇರಿದ್ದಕ್ಕೆ ಮಾತ್ರ. ಬರೀ ಅಡಿಕೆ ಆ ಪಟ್ಟಿಯಲ್ಲಿಲ್ಲ.

ಇಲ್ಲವೆಂದು ಕಾಲು ಚಾಚಿ ಮಲಗುವ ಹಾಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ. ನಾವು ಬೆಳೆಗಾರರು ಈ ಮಾತು ಬಂದಾಗಲೆಲ್ಲ ಸಿಟ್ಟಾಗುತ್ತೇವೆ. ಸಿಟ್ಟಿನಿಂದ ವರದಿ ಬದಲಾಗುವುದಿಲ್ಲ. ನಮ್ಮ ಮನೆಯ ಹರಿವಾಣದಲ್ಲೇ ಎಲೆ, ಅಡಿಕೆ, ಸುಣ್ಣದ ಪಕ್ಕ ಹೊಗೆಸೊಪ್ಪು ಇರುತ್ತಿತ್ತು. ನನ್ನ ಬಾಯಲ್ಲಿ ಬಿಳಿ ಕಲೆ ಕಂಡ ವೈದ್ಯರು ಬೈದ ಮೇಲೆ ಸೊಪ್ಪು ಬಿಟ್ಟೆ. ಅಡಿಕೆಯನ್ನೂ ಬಿಡಿ ಎಂದಿದ್ದರು. ಊಟದ ಮೇಲಿನ ಒಂದು ಹೋಳು ಇನ್ನೂ ಬಿಟ್ಟಿಲ್ಲ. ತೋಟಕ್ಕೆ ಕಾಳುಮೆಣಸು, ಕೊಕ್ಕೋ ಮಾತ್ರ ಹೆಚ್ಚಿಸುತ್ತಿದ್ದೇನೆ. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಬೇಡವೆಂದಲ್ಲ, 2013ರ ಗಾಬರಿ ಇನ್ನೊಮ್ಮೆ ಬಂದಾಗ ಅಟ್ಟ ಖಾಲಿ ಮಾಡದೆ ಕಾಯುವ ಶಕ್ತಿ ಇರಲಿ ಎಂದು.

ಗೂಡಂಗಡಿಯವರು ಬೀಡಿ ಸಿಗರೇಟು ಮಾರುವುದನ್ನು ನಿಲ್ಲಿಸಿದ್ದಾರೆ. ಮೊನ್ನೆ ಸೋಡಾ ಕುಡಿಯಲು ನಿಂತಾಗ ಒಂದು ಹೊಸ ಪ್ರಶ್ನೆ ಹಾಕಿದರು. "ತಂಬಾಕಿಲ್ಲದ ಮಸಾಲೆ ಪೊಟ್ಟಣ ಇಲ್ಲಿ ತೂಗಹಾಕಬಹುದಾ? ಅದು ನಿಮ್ಮ ಅಡಿಕೆಯೇ ಅಲ್ವಾ ಅಣ್ಣ?"

ತಂಬಾಕು ಕಾಯ್ದೆಯ ಪಟ್ಟಿಯಲ್ಲಿ ಅದು ಇಲ್ಲವೆಂದು ಹೇಳಲೇಬೇಕಾಯಿತು. ಮಕ್ಕಳ ಕಣ್ಣಿಗೆ ಬೀಳುವಲ್ಲಿ ಬೇಡ ಮಾರಾಯರೇ ಎಂದೂ ಹೇಳಿದೆ. ಅವರು ನಕ್ಕು ಬಾಳೆಗೊನೆಯನ್ನು ಆ ಕೊಕ್ಕೆಗೆ ಸಿಕ್ಕಿಸಿದರು.