ಹೆದ್ದಾರಿಯಲ್ಲಿ ರಾತ್ರಿ ನಿಲುಗಡೆ: ಕಾನೂನು ಏನೆನ್ನುತ್ತದೆ?

ತಾಂಡೂರಿನಲ್ಲಿ ಫರಸಿ ಕಲ್ಲು ಹೇರಿಕೊಂಡು ಹೊರಟ ಲಾರಿ, ಜಹೀರಾಬಾದ್ ಹಾದು 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಓಡುವ ಕಂಟೇನರ್, ನಾರಾಯಣಖೇಡದಿಂದ ಬೀದರಿಗೆ ಬರುವ ಟೆಂಪೊ, ಈಚಿನ ಕ್ಯಾಂಪರ್ ವ್ಯಾನ್ ಎಲ್ಲಕ್ಕೂ ರಾತ್ರಿಯ ತೊಡಕು ಒಂದೇ. ಕಣ್ಣು ಎಳೆಯತೊಡಗಿದಾಗ ನಿಲ್ಲಿಸುವುದೆಲ್ಲಿ?

ವಾಹನದೊಳಗೆ ಮಲಗುವುದನ್ನು ಅಪರಾಧವೆನ್ನುವ ಸೆಕ್ಷನ್ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ತಪ್ಪಾಗುವುದು ವಾಹನ ನಿಂತ ಜಾಗದಿಂದ. ಬೇರೆಯವರಿಗೆ ಅಪಾಯ ಅಥವಾ ಅಡಚಣೆ ಆಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಿಡುವುದನ್ನು 122ನೇ ಸೆಕ್ಷನ್ ತಡೆಯುತ್ತದೆ. 127ನೇ ಸೆಕ್ಷನ್ನಿನಲ್ಲಿ ಹತ್ತು ಗಂಟೆಯ ಮಾತಿದೆ. ಅದನ್ನೇ ಹಿಡಿದು ಹತ್ತು ಗಂಟೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಆ ಅವಧಿ ಯಾರೂ ಇಲ್ಲದೆ ಬಿಟ್ಟುಹೋದ ವಾಹನಕ್ಕೆ. ನಿಲುಗಡೆ ನಿಷೇಧವಿರುವಲ್ಲಿ ನಿಂತ ಗಾಡಿಯನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅದಕ್ಕೂ ಮೊದಲೇ ಎಳೆಸಬಹುದು; ಅದರ ಖರ್ಚು ಮಾಲೀಕನದು. ದಾರಿಗೆ ಅಡ್ಡಿಯಾದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಪ್ರಕಾರ 5,000 ರೂಪಾಯಿವರೆಗೆ ದಂಡವಿದೆ.

ಈ ಬಿಗಿಗೆ ಕಾರಣವಿದೆ. 2025ರ ನವೆಂಬರ್ 2ರಂದು ರಾಜಸ್ಥಾನದ ಫಲೋಡಿಯಲ್ಲಿ ನಿಂತಿದ್ದ ಟ್ರೇಲರಿಗೆ ಟೆಂಪೊ ಟ್ರಾವೆಲರ್ ಬಡಿದು ಯಾತ್ರಿಕರು ಸತ್ತರು. ಸುಪ್ರೀಂ ಕೋರ್ಟ್ ಆ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು.

ಗಾಡಿ ಕೆಟ್ಟು ನಿಂತಾಗ ನಮ್ಮ ಕಡೆ ನಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಚಕ್ರದ ಹಿಂದೆ ದಪ್ಪ ಕಲ್ಲು, ಅದರಾಚೆ ಮುರಿದು ಹಾಕಿದ ಬೇವಿನ ಟೊಂಗೆ. ಲಾರಿ ರಿಪೇರಿಯಾಗಿ ಹೊರಟಾಗ ಕಲ್ಲು ಡಾಂಬರಿನ ಮೇಲೇ ಉಳಿಯುತ್ತದೆ, ಹಿಂದೆ ಬರುವ ಬೈಕ್ ಸವಾರ ಅದಕ್ಕೆ ಬಲಿಯಾಗುತ್ತಾನೆ. ಬೇಕಾದದ್ದು ಮಿನುಗುವ ಅಪಾಯದ ದೀಪ ಮತ್ತು ಪ್ರತಿಫಲಿಸುವ ತ್ರಿಕೋನ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ, ಜೀವಭಯವಿದ್ದರೆ 112ಕ್ಕೆ ಕರೆ ಮಾಡಬೇಕು.

ನಿಲ್ಲಲು ಸೂಕ್ತವಾದವು ಹೆದ್ದಾರಿಯ ಟ್ರಕ್ ಲೇ-ಬೈ ಮತ್ತು ವಿಶ್ರಾಂತಿ ತಾಣಗಳು. ಪೆಟ್ರೋಲ್ ಬಂಕು, ಢಾಬಾಗಳ ಅಂಗಳ ಖಾಸಗಿಯವರದು, ಕೇಳಿಯೇ ನಿಲ್ಲಬೇಕು. ತಪಾಸಣೆಗೆ ಬಂದವರಿಗೆ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನ ದಾಖಲೆ ತೋರಿಸಿದರೂ ಸಾಕು. ಹಣ ಕಟ್ಟಿದರೆ ರಸೀದಿ ಕೇಳಿ ಪಡೆಯಬೇಕು.

ಜಾಗವೇ ಇಲ್ಲದ ಕಡೆ ಚಾಲಕನನ್ನಷ್ಟೇ ದೂರುವುದು ಅನ್ಯಾಯ. ಕೆಲಸದ ಮೇಲೆ ರಾತ್ರಿ ತಂಗುವ ಸಾರಿಗೆ ಕಾರ್ಮಿಕರಿಗೆ ವಿಶ್ರಾಂತಿ ಕೊಠಡಿ ಒದಗಿಸುವ ಹೊಣೆಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಮಾಲೀಕರ ಮೇಲೆ ಹೊರಿಸಿತ್ತು. ನಿಲುಗಡೆ ತಾಣ ಗುರುತಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ, ಹೆದ್ದಾರಿ ಪ್ರಾಧಿಕಾರವೂ ಗುರುತಿಸಬಹುದು. ತಮ್ಮೂರಲ್ಲಿ ಎಷ್ಟು ತಾಣ ಗುರುತಿಸಲಾಗಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು. ಇಲ್ಲವೆಂದು ಬಂದರೆ ಆ ಉತ್ತರವನ್ನೇ ಲಗತ್ತಿಸಿ ಸೋಮವಾರದ ‘ಪ್ರಜಾವಾಣಿ’ ಅಹವಾಲು ಸಭೆಯಲ್ಲಿ ಕಲೆಕ್ಟರಿಗೆ ಮನವಿ ಕೊಡಬಹುದು. ಜಹೀರಾಬಾದ್, ನಾರಾಯಣಖೇಡದವರು ಸಂಗಾರೆಡ್ಡಿಗೆ ಹೋಗಬೇಕು, ತಾಂಡೂರಿನವರು ವಿಕಾರಾಬಾದಿಗೆ.