ಹಳೆ ಜೀಪಿನ ಸ್ಟೇರಿಂಗ್ ಸಾಮಾನು: ಗಾಡಿಯ ಹೆಸರು ಬಿಡಿ, ಅಳತೆ ಹಿಡಿಯಿರಿ

ಕಾಶಿಯ ಕೇದಾರ ಘಾಟಿನ ತನಕ ಯಾವ ಗಾಡಿಯೂ ಹೋಗುವುದಿಲ್ಲ. ಗೋದೌಲಿಯಾದಿಂದ ಅಸ್ಸಿ ಕಡೆಗೆ ಹೋಗುವ ರಸ್ತೆಯಲ್ಲಿ ಸೋನಾರಪುರದ ಹತ್ತಿರ ಇಳಿದು ಗಲ್ಲಿ ಹಿಡಿದು ನಡೆದರೆ ಕೆಂಪು-ಬಿಳಿ ಪಟ್ಟೆಯ ಕೇದಾರೇಶ್ವರ ದೇವಸ್ಥಾನ ಸಿಗುತ್ತದೆ, ಅದರ ಕೆಳಗೆ ಗಂಗೆಗೆ ಇಳಿಯುವ ಕಡಿದಾದ ಮೆಟ್ಟಿಲು. ಇದೇ ರಸ್ತೆಯಲ್ಲಿ ಉತ್ತರಕ್ಕೆ ಜಂಗಮವಾಡಿ ಮಠ, ಘಾಟುಗಳ ಸಾಲಿನಲ್ಲಿ ದಕ್ಷಿಣಕ್ಕೆ ಕರ್ನಾಟಕ ಘಾಟ್. ಹಾಗಾಗಿ ಸ್ವಂತ ಗಾಡಿಯಲ್ಲಿ ಕಾಶಿಗೆ ಹೋಗುವ ನಮ್ಮ ಕಡೆಯವರು ಕೊನೆಗೆ ತಿಣುಕುವುದು ಈ ಒಂದೆರಡು ಕಿಲೋಮೀಟರಿನಲ್ಲೇ. ಬೆಂಗಳೂರಿನಿಂದ 1,700 ಕಿ.ಮೀ.ಗೂ ಹೆಚ್ಚು ದೂರ ತಕರಾರಿಲ್ಲದೆ ಬಂದ ಹಳೆ ಜೀಪಿನ ಸ್ಟೇರಿಂಗ್ ಇಲ್ಲಿ ಕಟಕಟ ಎನ್ನತೊಡಗಿದರೆ ಅದಕ್ಕೆ ಕಾರಣವಿದೆ. ಓಡುವ ಚಕ್ರವನ್ನು ತಿರುಗಿಸುವುದು ಹಗುರ, ನಿಂತ ಚಕ್ರವನ್ನು ತಿರುಗಿಸುವುದು ಭಾರ. ಜನ, ಗಂಟುಮೂಟೆ ತುಂಬಿದ ಗಾಡಿಯನ್ನು ಇಕ್ಕಟ್ಟಿನಲ್ಲಿ ನಿಂತಲ್ಲೇ ಕೊನೆಮುಟ್ಟ ತಿರುಗಿಸುವಾಗ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಜಾಯಿಂಟುಗಳ ಮೇಲೆ ಬೀಳುವ ಒತ್ತಡ ನೇರ ಹೆದ್ದಾರಿಯಲ್ಲಿ ಬೀಳುವುದಿಲ್ಲ. ಸವೆದ ಜಾಯಿಂಟು ಆಗ ಬಾಯಿ ಬಿಡುತ್ತದೆ.

ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಅಂಗಡಿಗೆ ಹೋಗಿ ‘ಮಹೀಂದ್ರಾ ಜೀಪಿನ ಟೈ ರಾಡ್ ಎಂಡ್ ಕೊಡಿ’ ಎನ್ನುವುದು. ಹುಡುಕಾಟ ಹದಗೆಡುವುದು ಇಲ್ಲಿಂದಲೇ. ಹಳೆಯ ಫೋರ್‌ವೀಲ್ ಡ್ರೈವ್ ಗಾಡಿಗೆ ಅದರ ಹೆಸರು ವಿಳಾಸವಾಗುವುದಿಲ್ಲ. ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಅಂದಿನಿಂದ ಹೆಚ್ಚುಕಡಿಮೆ ಒಂದೇ ಮುಖ ಹೊತ್ತು ಬಂದ ಗಾಡಿಗಳ ಹೊಟ್ಟೆಯೊಳಗೆ ಬೇರೆ ಬೇರೆ ಸಾಮಾನುಗಳಿವೆ. ಸಿಜೆ 3ಬಿಯಲ್ಲಿ ಮುಂದಿನ ಎರಡು ಚಕ್ರಗಳ ನಡುವೆ ಬೆಲ್ ಕ್ರ್ಯಾಂಕ್ ಎಂಬ ತಿರುಗು ತುಂಡು ಕೂತು ಸ್ಟೇರಿಂಗ್ ಬಾಕ್ಸಿನ ತಳ್ಳಾಟವನ್ನು ಎರಡೂ ಚಕ್ರಗಳಿಗೆ ಹಂಚುತ್ತದೆ. ಬಾಕ್ಸಿನ ತಳ್ಳಾಟವನ್ನು ಒಯ್ಯುವ ಡ್ರ್ಯಾಗ್ ಲಿಂಕ್ ನೇರವಾಗಿ ಚಕ್ರದ ತೋಳಿಗೋ ಟೈ ರಾಡಿಗೋ ಸೇರುವ ಗಾಡಿಗಳಲ್ಲಿ ಆ ತುಂಡೇ ಇಲ್ಲ. 2010ರಲ್ಲಿ ಬಂದ ಥಾರ್ ನೋಡಿ: ಸಿಆರ್‌ಡಿಇ ಎಂಜಿನ್ನಿನ ಗಾಡಿಗೆ ಮುಂದೆ ಟಾರ್ಷನ್ ಬಾರಿನ ಬಿಡಿ ಸಸ್ಪೆನ್ಷನ್, ಡಿಐ ಎಂಜಿನ್ನಿನದಕ್ಕೆ ಹಳೆಯ ಪಟ್ಟಾ ಸ್ಪ್ರಿಂಗ್. ಬಾನೆಟ್ಟಿನ ಮೇಲಿನ ಹೆಸರು ಒಂದೇ, ಕೆಳಗಿನ ಲೋಕ ಎರಡು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲೂ ಹೀಗೆಯೇ. ಮುಂದೆ ‘ವೈಡ್ ಟ್ರ್ಯಾಕ್’ ಬಂದಾಗ ಎಡಬಲ ಚಕ್ರಗಳ ನಡುವಿನ ಅಗಲವೇ ಹೆಚ್ಚಿತು. ಅಗಲ ಬದಲಾದ ಮೇಲೆ ಟೈ ರಾಡಿನ ಉದ್ದ ಹಳೆಯದೇ ಇರಲು ಸಾಧ್ಯವಿಲ್ಲ.

ಇದಕ್ಕೆ ಉತ್ತರವಾಗಿ ‘ತಯಾರಾದ ವರ್ಷ, ಚಾಸಿ ನಂಬರು ಎರಡನ್ನೂ ಕೊಟ್ಟರೆ ಅಂಗಡಿಯವರು ಸರಿಯಾದದ್ದನ್ನೇ ತೆಗೆಯುತ್ತಾರಲ್ಲ’ ಎನ್ನಬಹುದು. ಕಾರ್ಖಾನೆಯಿಂದ ಬಂದಂತೆಯೇ ಉಳಿದ ಗಾಡಿಗೆ ಈ ಮಾತು ಸರಿ. ಆದರೆ ಮೂವತ್ತು ವರ್ಷ ಹಳೆಯ ಜೀಪು ಅಷ್ಟು ಮಡಿಯಾಗಿ ಉಳಿದಿರುವುದು ಅಪರೂಪ. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂದಿರುತ್ತದೆ, ಯಾವುದೋ ಗಾಡಿಯ ಪವರ್ ಸ್ಟೇರಿಂಗ್ ಇನ್ಯಾವುದಕ್ಕೋ ಕೂತಿರುತ್ತದೆ, ಸೇನೆಯ ಹರಾಜಿನಲ್ಲಿ ಬಂದ ಗಾಡಿಯ ಆಕ್ಸಲ್ ಮೂರು ಕೈ ದಾಟಿರುತ್ತದೆ. ಆರ್‌ಸಿ ಪುಸ್ತಕದಲ್ಲಿ ಎಂಜಿನ್ ನಂಬರು ಸಿಕ್ಕೀತು, ಸ್ಟೇರಿಂಗ್ ಬಾಕ್ಸಿನ ಶಾಫ್ಟಿಗೆ ಕೂರುವ ತೋಳಾದ ಪಿಟ್‌ಮನ್ ಆರ್ಮ್ ಯಾವ ಗಾಡಿಯದು ಎಂಬುದು ಸಿಗುವುದಿಲ್ಲ. ಚಾಸಿ ನಂಬರು ಗಾಡಿ ಹುಟ್ಟಿದ್ದನ್ನು ಹೇಳುತ್ತದೆ, ಆಮೇಲೆ ಅದು ಬಾಳಿದ್ದನ್ನು ಹೇಳುವುದಿಲ್ಲ. ಆದ್ದರಿಂದ ನಿಮ್ಮ ಗಾಡಿಯಿಂದ ಬಿಚ್ಚಿದ ಸವೆದ ತುಂಡೇ ಅಂಗಡಿಗೆ ಒಯ್ಯಬೇಕಾದ ಚೀಟಿ. ಕಾಶಿಯಲ್ಲಂತೂ ಬೇರೆ ದಾರಿಯೂ ಇಲ್ಲ: ಸೋನಾರಪುರದ ಆಚೀಚೆ ಎಲ್ಲೋ ಜಾಗ ಮಾಡಿ ನಿಲ್ಲಿಸಿದ ಗಾಡಿಯನ್ನು ಅಂಗಡಿಯಿಂದ ಅಂಗಡಿಗೆ ಓಡಿಸುವಂತಿಲ್ಲ, ಈ ಸ್ಥಿತಿಯಲ್ಲಿ ಓಡಿಸಲೂಬಾರದು. ಚೀಲದಲ್ಲಿ ಟೈ ರಾಡ್ ಎಂಡ್ ಹಾಕಿಕೊಂಡು ಇ-ರಿಕ್ಷಾ ಹತ್ತಬಹುದು.

ಬಿಚ್ಚುವ ಮೊದಲು ಕೆಟ್ಟದ್ದು ಯಾವುದು ಎಂದು ಗೊತ್ತಾಗಬೇಕು. ಸ್ಟೇರಿಂಗ್ ಚಕ್ರದಲ್ಲಿ ಆಟ ಹೆಚ್ಚಾಗಿದೆ ಎಂದ ಮಾತ್ರಕ್ಕೆ ಬಾಕ್ಸ್ ಹೋಯಿತು ಎಂದು ತೀರ್ಮಾನಿಸುವವರು ಬಹಳ. ಮಾಡಬೇಕಾದದ್ದು ಇಷ್ಟು: ಗಾಡಿ ಸಮತಟ್ಟು ನೆಲದಲ್ಲಿರಲಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಎಂಜಿನ್ ಬಂದ್ ಆಗಿರಲಿ. ಒಬ್ಬರು ಸ್ಟೇರಿಂಗ್ ಚಕ್ರವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಿರಲಿ, ಇನ್ನೊಬ್ಬರು ಕೆಳಗೆ ಮಲಗಿ ಪ್ರತಿ ಜಾಯಿಂಟಿನ ಮೇಲೆ ಬೆರಳಿಟ್ಟು ಬರಲಿ. ಕಾಲಂನ ಕೆಳಗಿನ ಕಪ್ಲಿಂಗ್, ಬಾಕ್ಸಿನ ಶಾಫ್ಟ್, ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕಿನ ಎರಡು ತುದಿ, ಬೆಲ್ ಕ್ರ್ಯಾಂಕ್ ಇದ್ದರೆ ಅದರ ಪಿನ್ನು, ಟೈ ರಾಡಿನ ತುದಿಗಳು, ಈ ಕ್ರಮದಲ್ಲಿ. ಒಂದು ಕಡೆ ಅಲುಗಿ ಅದಕ್ಕಂಟಿದ ಮುಂದಿನ ತುಂಡು ಅಲುಗದೆ ನಿಂತಲ್ಲಿ ದೋಷವಿದೆ. ಬಾಕ್ಸಿನ ಬೋಲ್ಟುಗಳು ಚಾಸಿಗೆ ಬಿಗಿಯಾಗಿವೆಯೇ, ಚಾಸಿಯೇ ಅಲ್ಲಿ ಸೀಳಿದೆಯೇ ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಿ. ಕೊನೆಗೆ ಮುಂದಿನ ಚಕ್ರವನ್ನು ಜಾಕಿನ ಮೇಲೆತ್ತಿ ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಅಲುಗಿದರೆ ಕಿಂಗ್ ಪಿನ್ನಿನ ಬೇರಿಂಗೋ ಚಕ್ರದ ಬೇರಿಂಗೋ ಸಡಿಲವಾಗಿದೆ. ಮುಂದಿನ ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಗಾಡಿಯಲ್ಲಿ ನಕಲ್, ಅಂದರೆ ಚಕ್ರವನ್ನು ಹೊತ್ತು ತಿರುಗುವ ಗೆಣ್ಣು, ದೊಡ್ಡದು, ಭಾರವಾದದ್ದು. ಅಲ್ಲಿನ ಬೇರಿಂಗ್ ಸಡಿಲವಾಗಿ ಬರುವ ನಡುಕವನ್ನು ಹೊಸ ಟೈ ರಾಡ್ ಎಂಡ್ ಹಾಕಿ ನಿಲ್ಲಿಸಲಾಗದು. ಬಾಕ್ಸಿನ ಮೇಲಿನ ಅಡ್ಜಸ್ಟ್ ಸ್ಕ್ರೂ ಬಿಗಿ ಮಾಡಿ ಆಟ ಕಡಿಮೆ ಮಾಡುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಒಳಗಿನ ಗೇರು ನಟ್ಟನಡುವೆ ಹೆಚ್ಚು ಸವೆದಿರುತ್ತದೆ. ಅಲ್ಲಿಗೆ ತಕ್ಕಂತೆ ಬಿಗಿದರೆ ತಿರುವಿನಲ್ಲಿ ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ.

ಈಗ ಅಳತೆ. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಥ್ರೆಡ್ ಗೇಜ್, ಟೇಪು ಸಾಕು. ಬಿಚ್ಚುವ ಮೊದಲೇ ಟೈ ರಾಡಿನ ಎರಡು ಬಾಲ್‌ಗಳ ನಡುಮಧ್ಯದ ದೂರವನ್ನು ಬರೆದಿಡಿ, ಜೋಡಿಸುವಾಗ ಅದೇ ಆಧಾರ. ಟೈ ರಾಡಿನ ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಇರುವುದು ವಾಡಿಕೆ. ರಾಡನ್ನು ತಿರುಗಿಸಿ ಉದ್ದ ಹೊಂದಿಸಲೆಂದೇ ಆ ವ್ಯವಸ್ಥೆ. ಯಾವ ತುದಿ ಯಾವುದು ಎಂದು ಗುರುತು ಮಾಡಿ. ಕಾಶಿಯ ಅಂಗಡಿಯಲ್ಲಿ ಥ್ರೆಡ್ಡಿಗೆ ‘ಚೂಡಿ’ ಎನ್ನುತ್ತಾರೆ, ಎಡ ಥ್ರೆಡ್ ಎಂದರೆ ‘ಉಲ್ಟಿ ಚೂಡಿ’, ಲೇತ್ ಎಂದರೆ ‘ಖರಾದ್’. ಈ ಮೂರು ಮಾತು ಬಂದರೆ ಅರ್ಧ ಹಿಂದಿ ಬಂದಂತೆ. ಥ್ರೆಡ್ಡಿನ ದಪ್ಪ ಒಂದೇ ಕಂಡರೂ ಇಂಚಿನ ಲೆಕ್ಕದ್ದಕ್ಕೂ ಮಿಲಿಮೀಟರ್ ಲೆಕ್ಕದ್ದಕ್ಕೂ ವ್ಯತ್ಯಾಸವಿದೆ. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ಅದು ಬೇರೆ ಜಾತಿಯ ಥ್ರೆಡ್. ಒತ್ತಾಯದಿಂದ ಏರಿಸಿದರೆ ಎರಡೂ ಹಾಳು.

ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲರೂ ಮರೆಯುವುದು, ಬಾಲ್ ಜಾಯಿಂಟಿನ ಸ್ಟಡ್ಡಿನ ಟೇಪರ್. ಸ್ಟಡ್ಡು ಮೇಲೆ ದಪ್ಪ, ಕೆಳಗೆ ಸಣ್ಣ. ತೋಳಿನ ತೂತೂ ಅದೇ ಇಳಿಜಾರಿನದು. ಬೆಣೆಯಂತೆ ಒಂದರೊಳಗೊಂದು ಕಚ್ಚಿಕೊಳ್ಳುವುದರಿಂದಲೇ ಈ ಜೋಡಣೆ ಅಲುಗದೆ ನಿಲ್ಲುತ್ತದೆ, ನಟ್ಟು ಅದನ್ನು ಕಾಯುವ ಕಾವಲು ಮಾತ್ರ. ದಪ್ಪ ತುದಿ, ಸಣ್ಣ ತುದಿ, ಅವುಗಳ ನಡುವಿನ ಉದ್ದ, ಮೂರನ್ನೂ ಅಳೆಯಿರಿ. ಹೊಸದನ್ನು ತಂದ ಮೇಲೆ ಸ್ಟಡ್ಡಿನ ಮೇಲೆ ಪೆನ್ಸಿಲಿನಿಂದ ಉದ್ದಕ್ಕೆ ನಾಲ್ಕೈದು ಗೆರೆ ಎಳೆದು, ತೋಳಿನ ತೂತಿಗೆ ಒತ್ತಿ ಕೊಂಚ ತಿರುಗಿಸಿ ತೆಗೆಯಿರಿ. ಗೆರೆಗಳು ಮೇಲಿಂದ ಕೆಳಗಿನವರೆಗೂ ಉಜ್ಜಿದ್ದರೆ ಸರಿ. ಮೇಲ್ತುದಿಯಲ್ಲೋ ಕೆಳತುದಿಯಲ್ಲೋ ಮಾತ್ರ ಉಜ್ಜಿದ್ದರೆ ಟೇಪರ್ ಬೇರೆ, ವಾಪಸ್ ಕೊಡಿ. ಸ್ಟಡ್ಡು ಆಳಕ್ಕೆ ಇಳಿದು ನಟ್ಟಿನ ಥ್ರೆಡ್ ಮುಗಿದುಹೋಗುತ್ತಿದ್ದರೂ ವಾಪಸ್ಸೇ. ಅಡಿಗೆ ಎರಡು ವಾಷರ್ ಹಾಕಿ ಬಿಗಿದುಕೊಡುವ ಮೆಕ್ಯಾನಿಕ್ ಕೈಯಲ್ಲಿ ಗಾಡಿ ಬಿಡಬೇಡಿ. ಪಿಟ್‌ಮನ್ ಆರ್ಮ್ ಆದರೆ ಒಳಗಿನ ಹಲ್ಲುಗಳನ್ನು ಎಣಿಸಿ, ತೂತಿನ ವ್ಯಾಸ, ತೂತಿನಿಂದ ತುದಿಯವರೆಗಿನ ಉದ್ದ, ಎಷ್ಟು ಬಾಗಿದೆ ಎಂಬುದನ್ನು ಬರೆದುಕೊಳ್ಳಿ. ಬಿಚ್ಚುವ ಮೊದಲು ಶಾಫ್ಟಿಗೂ ತೋಳಿಗೂ ಸೇರಿಸಿ ಒಂದು ಗೀರು ಹಾಕಿಡಿ. ಒಂದು ಹಲ್ಲು ತಪ್ಪಿ ಕೂತರೆ ಗಾಡಿ ಒಂದು ಕಡೆ ಪೂರ್ತಿ ತಿರುಗುತ್ತದೆ, ಇನ್ನೊಂದು ಕಡೆ ತಿರುಗದು.

ಎಲ್ಲಿ ಹುಡುಕುವುದು? ಕಾಶಿಯಲ್ಲಿ ಮಲ್ದಹಿಯಾ ಕಡೆಯ ಆಟೊ ಪಾರ್ಟ್ಸ್ ಅಂಗಡಿಗಳಿಂದ ಶುರು ಮಾಡಬಹುದು. ಆದರೆ ಮನೆಯಿಂದ ಹೊರಡುವ ಮೊದಲೇ ಹುಡುಕಿ, ಒಂದು ಜೊತೆ ಟೈ ರಾಡ್ ಎಂಡ್ ಗಾಡಿಯಲ್ಲಿ ಇಟ್ಟುಕೊಂಡವರೇ ಜಾಣರು. ಬೆಂಗಳೂರಿನ ಜೆ.ಸಿ. ರಸ್ತೆ ಇದಕ್ಕೇ ಇರುವ ಜಾಗ. ಸ್ಟೇರಿಂಗ್ ಸಾಮಾನಿಗೆ ಹೆಸರಾದ ಚೆನ್ನೈನ ರಾಣೆ ಮದ್ರಾಸ್ ಕಂಪನಿಗೆ ಮೈಸೂರಿನಲ್ಲೂ ಕಾರ್ಖಾನೆಯಿದೆ. ಜೋಂಗಾ ಇಟ್ಟುಕೊಂಡವರ ಕಥೆ ಬೇರೆ. ನಿಸಾನ್ ಪ್ಯಾಟ್ರೋಲ್ ಗಾಡಿಯ ಅಚ್ಚಿನ ಈ ಸೇನಾ ವಾಹನವನ್ನು ಜಬಲ್ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ 1999ರವರೆಗೆ ಮಾಡುತ್ತಿದ್ದರು. ಅದರ ಸಾಮಾನು ಸಾಮಾನ್ಯ ಅಂಗಡಿಯ ಕಪಾಟಿನಲ್ಲಿ ಇರದು. ಅದೃಷ್ಟಕ್ಕೆ ನಾಗಪುರದಿಂದ ರೀವಾ ಮೂಲಕ ಕಾಶಿಗೆ ಹೋಗುವ ದಾರಿಯಲ್ಲೇ ಜಬಲ್ಪುರ ಇದೆ, ಅರ್ಧ ದಿನ ಅಲ್ಲಿಗೆಂದು ಇಟ್ಟುಕೊಂಡರೆ ನಷ್ಟವಿಲ್ಲ. ಅಲ್ಲೂ ಸಿಗದಿದ್ದರೆ ದೆಹಲಿಯ ಕಾಶ್ಮೀರಿ ಗೇಟಿನ ಮಾರುಕಟ್ಟೆ, ಜೀಪು ಕಟ್ಟುವುದಕ್ಕೇ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿ. ಈ ಊರುಗಳಿಗೆ ನೀವೇ ಹೋಗಬೇಕಿಲ್ಲ. ಅಳತೆ ಬರೆದ ಚೀಟಿ, ಜೊತೆಗೆ ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆದ ಭಾಗದ ಫೋಟೊ ಹೋದರೆ ಸಾಕು, ಪಾರ್ಸೆಲ್ ಬರುತ್ತದೆ.

ಗುಜರಿಯ ಬಗ್ಗೆ ಜನ ಎರಡು ಪಂಗಡ. ‘ಹಳೆಯ ಉಕ್ಕೇ ಉಕ್ಕು, ಈಗಿನದು ತಗಡು’ ಎನ್ನುವವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಬಾಕ್ಸಿನ ಎರಕದ ಕವಚ, ಪಿಟ್‌ಮನ್ ಆರ್ಮ್, ನಕಲ್ಲಿನ ತೋಳು ಇಂಥ ಗಟ್ಟಿ ಭಾಗಗಳು ಸವೆಯುವುದು ಕಡಿಮೆ, ಹೊಸದು ತಯಾರಾಗುವುದೂ ನಿಂತಿರಬಹುದು. ಅವನ್ನು ಗುಜರಿಯಿಂದ ತರುವುದರಲ್ಲಿ ತಪ್ಪಿಲ್ಲ, ಪರೀಕ್ಷೆ ಮಾಡಿದರೆ. ಭಾಗವನ್ನು ಸೀಮೆಎಣ್ಣೆಯಲ್ಲಿ ಒಂದಿಷ್ಟು ಹೊತ್ತು ಮುಳುಗಿಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬಾಗಿದ್ದನ್ನು ಕಾಯಿಸಿ ನೇರ ಮಾಡಿದ ಗುರುತು, ವೆಲ್ಡಿಂಗ್ ಗಂಟು, ನೀಲಿಗಟ್ಟಿದ ಬಣ್ಣ ಕಂಡರೆ ದುಡ್ಡಿಲ್ಲದೆ ಕೊಟ್ಟರೂ ಬೇಡ. ಶಾಖ ಕೊಟ್ಟು ಹದ ಮಾಡಿದ ಉಕ್ಕನ್ನು ಮತ್ತೆ ಗ್ಯಾಸ್ ಕಟ್ಟರಿನಲ್ಲಿ ಕಾಯಿಸಿದರೆ ಆ ಹದ ಹೋಗುತ್ತದೆ. ಇನ್ನು ಬಾಲ್ ಜಾಯಿಂಟು, ಕಿಂಗ್ ಪಿನ್ ಬೇರಿಂಗ್, ರಬ್ಬರ್ ಬೂಟು ಇವುಗಳಲ್ಲಿ ಹಳೆಯದು ಎಂದರೆ ಸವೆದದ್ದು ಎಂದೇ ಅರ್ಥ. ಇವು ಹೊಸವೇ ಇರಲಿ. ಲೇತಿನಲ್ಲಿ ಮಾಡಿಸುವುದಕ್ಕೂ ಇದೇ ಗೆರೆ: ಬೆಲ್ ಕ್ರ್ಯಾಂಕಿನ ಬುಷ್ಷು, ಅದಕ್ಕೆ ತಕ್ಕ ಪಿನ್ನು ಮಾಡಿಸಬಹುದು. ಬಾಲ್ ಸ್ಟಡ್ಡನ್ನು ಕಡೆಸಬಾರದು, ಮುರಿದರೆ ಚಕ್ರ ತನ್ನ ದಾರಿ ತಾನೇ ಹಿಡಿಯುತ್ತದೆ.

‘ಇಷ್ಟೆಲ್ಲ ಗೋಳೇಕೆ, ಪವರ್ ಸ್ಟೇರಿಂಗ್ ಹಾಕಿಸಿಬಿಡೋಣ’ ಎಂಬುದೂ ಒಂದು ವಾದ. ಊರಲ್ಲಿ, ಬಿಡುವಾಗಿ, ಜೀಪು ಬಲ್ಲ ಕೈಯಲ್ಲಿ ಮಾಡಿಸುವ ಕೆಲಸ ಅದು. ಬಾಕ್ಸಿನ ಜಾಗ ಬದಲಾದರೆ ಡ್ರ್ಯಾಗ್ ಲಿಂಕಿನ ಕೋನ ಬದಲಾಗುತ್ತದೆ, ಆಗ ಗುಂಡಿಯಲ್ಲಿ ಸ್ಪ್ರಿಂಗ್ ಅದುಮಿದಾಗಲೆಲ್ಲ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತದೆ. ಸವೆದ ಟೈ ರಾಡ್ ಹಾಗೇ ಇಟ್ಟು ಮೇಲೆ ಪವರ್ ಕೊಟ್ಟರೆ ಸವೆತ ಕೈಗೆ ತಿಳಿಯುವುದೂ ನಿಲ್ಲುತ್ತದೆ.

ಬಿಚ್ಚುವಾಗ ಸ್ಟಡ್ಡಿನ ತುದಿಗೆ ಹೊಡೆಯಬೇಡಿ. ತೋಳಿನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಆನಿಸಿ ಎದುರು ಬದಿಗೆ ಇನ್ನೊಂದರಿಂದ ಹೊಡೆದರೆ ಟೇಪರ್ ಬಿಡುತ್ತದೆ, ಪುಲ್ಲರ್ ಇದ್ದರೆ ಇನ್ನೂ ಒಳ್ಳೆಯದು. ಜೋಡಿಸುವಾಗ ಟೇಪರಿಗೆ ಗ್ರೀಸ್ ಸವರಬೇಡಿ, ಒಣಗಿದ್ದರೇ ಕಚ್ಚುವುದು. ಬರೆದಿಟ್ಟ ಉದ್ದಕ್ಕೆ ಟೈ ರಾಡ್ ಹೊಂದಿಸಿದರೆ ಟೋ-ಇನ್, ಅಂದರೆ ಮುಂದಿನ ಚಕ್ರಗಳ ಮುಂತುದಿ ಒಳಕ್ಕೆ ವಾಲುವ ಅಳತೆ, ಸುಮಾರಾಗಿ ಕೂರುತ್ತದೆ. ಹಳೆಯ ವಿಲ್ಲಿಸ್ ಮಾದರಿಗೆ ಅದು ಇಂಚಿನ 3/64ರಿಂದ 3/32, ಅಂದರೆ ಸುಮಾರು 1.2ರಿಂದ 2.4 ಮಿ.ಮೀ. ಇದನ್ನು ಅಲೈನ್‌ಮೆಂಟ್ ಅಂಗಡಿಯಲ್ಲಿ ಖಾತ್ರಿ ಮಾಡಿಸಿಕೊಂಡೇ ಹೆದ್ದಾರಿಗೆ ಇಳಿಯಿರಿ. ನಟ್ಟಿನ ಕಿಂಡಿಗೂ ಸ್ಟಡ್ಡಿನ ತೂತಿಗೂ ತಾಳೆಯಾಗದಿದ್ದರೆ ನಟ್ಟನ್ನು ಹಿಂದಕ್ಕೆ ಸಡಿಲಿಸದೆ ಮುಂದಕ್ಕೇ ಬಿಗಿದು ತಾಳೆ ಮಾಡಿ, ಹೊಸ ಕಾಟರ್ ಪಿನ್ ಹಾಕಿ ಎರಡೂ ಕಾಲು ಮಡಚಿ. ಬಿಚ್ಚಿದ ಹಳೆಯ ಎಂಡನ್ನು ಅಲ್ಲೇ ಎಸೆಯಬೇಡಿ. ಅಳತೆಯ ಚೀಟಿ ಅದಕ್ಕೇ ಸುತ್ತಿ ಟೂಲ್ ಬಾಕ್ಸಿನಲ್ಲಿ ಇಡಿ, ಮುಂದಿನ ಸಲ ಅಂಗಡಿಗೆ ಒಯ್ಯಲು.